‘ಸೊನ್ನೆ ಅಂಟಿಸು’ ಅಂದರೆ ಲೆಕ್ಕ ಬಂದಂತಾಯಿತೇ?

ನಾಲ್ಕನೇ ಕ್ಲಾಸಿನ ಹುಡುಗನನ್ನು ಕೂರಿಸಿಕೊಂಡು ಕೇಳಿ ನೋಡಿ. ಕೆ.ಜಿ.ಗೆ 40 ರೂಪಾಯಿ ಅಂದರೆ 50 ಕೆ.ಜಿ. ರಾಗಿ ಚೀಲಕ್ಕೆ ಎಷ್ಟಾಯ್ತಪ್ಪಾ? ‘ಇನ್ನೂರು’ ಅನ್ನುವ ಮಕ್ಕಳು ಕಡಿಮೆಯೇನಿಲ್ಲ. ಮಗ್ಗಿ ಬಾರದೆ ಅಲ್ಲ ಸ್ವಾಮಿ! ‘ನಾಕೈದ್ಲೆ ಇಪ್ಪತ್ತು’ ಗಿಣಿಯ ಹಾಗೆ ಒಪ್ಪಿಸುತ್ತಾರೆ. ಆದರೆ ಇಪ್ಪತ್ತರಲ್ಲೇ ಒಂದು ಸೊನ್ನೆ ಕೂತಿದೆಯಲ್ಲ! ಅಂಟಿಸಬೇಕಾದ ಎರಡು ಸೊನ್ನೆಯಲ್ಲಿ ಒಂದು ಬಂದೇಬಿಟ್ಟಿತು ಅಂದುಕೊಂಡು ಇನ್ನೊಂದನ್ನು ಮಾತ್ರ ಅಂಟಿಸುತ್ತಾರೆ. ಸಂತೆಯಲ್ಲಾಗಿದ್ದರೆ ಅಪ್ಪನಿಗೆ 1,800 ರೂಪಾಯಿ ಖೋತಾ.

ಇದರಲ್ಲಿ ಮಗುವಿನ ತಪ್ಪೇನು? ಸೊನ್ನೆ ಮುಚ್ಚು, ಗುಣಿಸು, ಆಮೇಲೆ ಸೊನ್ನೆ ಅಂಟಿಸು ಎಂಬುದು ನಾವೇ ಕೊಟ್ಟ ಸೂತ್ರ. ಯಾಕೆ ಅಂತ ಮಾತ್ರ ಹೇಳಲಿಲ್ಲ. ಮುಂದೆ ದಶಮಾಂಶ ಬಂದಾಗ ಇದೇ ಮಗು 2.5ನ್ನು ಹತ್ತರಿಂದ ಗುಣಿಸೆಂದರೆ ಸೊನ್ನೆ ಅಂಟಿಸಿ 2.50 ಎಂದು ಬರೆಯುತ್ತದೆ. ಎರಡೂವರೆ ಎರಡೂವರೆಯಾಗಿಯೇ ಉಳಿಯಿತು!

ಇದಕ್ಕೆ ಮದ್ದು ಚೌಕದ ಗೆರೆಯ ಲೆಕ್ಕದ ಪುಸ್ತಕದಲ್ಲೇ ಇದೆ. 30ನ್ನು 20ರಿಂದ ಗುಣಿಸಬೇಕೇ? ಉದ್ದಕ್ಕೆ 30 ಮನೆ, ಅಗಲಕ್ಕೆ 20 ಮನೆ ಗುರುತು ಮಾಡಿಸಿ. ಹತ್ತು ಮನೆಗೊಂದು ದಪ್ಪ ಗೆರೆ ಎಳೆಸಿ. ಆರು ದೊಡ್ಡ ಚೌಕ ಕಾಣುತ್ತವೆ. ಒಂದೊಂದರಲ್ಲೂ ಹತ್ತು ಸಾಲು, ಸಾಲಿಗೆ ಹತ್ತು ಮನೆ, ಅಂದರೆ ನೂರು. ಆರು ನೂರು! ಎರಡು ಸೊನ್ನೆ ಎಲ್ಲಿಂದ ಬಂತು ಅಂತ ಮಗುವೇ ಬೆರಳಿಟ್ಟು ತೋರಿಸುತ್ತದೆ.

ರಾಗಿ ಲೆಕ್ಕಕ್ಕೆ ಅಷ್ಟು ಮನೆ ಎಳೆಯುತ್ತಾ ಕೂರಬೇಕಿಲ್ಲ. ಒಂದು ಚೌಕ ಅಂದರೆ ನೂರು ಅಂತ ಮಾಡಿಕೊಂಡು ನಾಲ್ಕು ಸಾಲು, ಸಾಲಿಗೆ ಐದರಂತೆ ಬರೆದರೆ ಸಾಕು. ಇಪ್ಪತ್ತು ಚೌಕ, ಇಪ್ಪತ್ತು ನೂರು, ಎರಡು ಸಾವಿರ. ಇಪ್ಪತ್ತರ ಸೊನ್ನೆ ಬೇರೆ, ನೂರರ ಸೊನ್ನೆಗಳು ಬೇರೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇದೇನು ಹೊಸ ಪವಾಡವಲ್ಲ. 1939ರಲ್ಲಿ ಮದರಾಸಿಗೆ ಬಂದಿಳಿದ ಇಟಲಿಯ ಮಾರಿಯಾ ಮಾಂಟೆಸರಿ ಅವರ ಪದ್ಧತಿಯಲ್ಲಿ ಹತ್ತು ಮಣಿಯ ಸರ, ಅಂಥ ಹತ್ತು ಸರ ಜೋಡಿಸಿದ ನೂರರ ಚೌಕ ಮೊದಲಿನಿಂದಲೂ ಇದೆ. ನಮ್ಮ ಮೇಷ್ಟ್ರುಗಳು ಹುಣಸೆಬೀಜ, ಕಡ್ಡಿಕಟ್ಟು ಇಟ್ಟುಕೊಂಡು ಕಲಿಸುತ್ತಿದ್ದುದೂ ಹೆಚ್ಚುಕಡಿಮೆ ಇದೇ. ಅಂದ ಮಾತ್ರಕ್ಕೆ ಮಗ್ಗಿ ಬಿಡಿ ಅಂತಲ್ಲ. ನಾಕೈದ್ಲೆ ಎಷ್ಟು ಅಂತ ಗೊತ್ತಿಲ್ಲದವನಿಗೆ ಯಾವ ಚಿತ್ರವೂ ಬೇಗ ಉತ್ತರ ಕೊಡದು.

ಇವತ್ತು ರಾತ್ರಿ ಊಟವಾದ ಮೇಲೆ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು 60ನ್ನು 50ರಿಂದ ಗುಣಿಸಲು ಹೇಳಿ. ಉತ್ತರ ಕೇಳಬೇಡಿ. ನೂರರ ಚೌಕ ಎಷ್ಟು ಬಂತು ಅಂತ ಕೇಳಿ.