ಪ್ರತಿಗೊಂದು ಪ್ರತಿ ಇರಲಿ

1998ರ ಮಾತು. ಅಮೆರಿಕದ ಪಿಕ್ಸರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಗೆ ಕಂಪ್ಯೂಟರು ಚಿತ್ರದ ಕಡತಗಳನ್ನೆಲ್ಲ ಅಳಿಸತೊಡಗಿತು. ಗಾಬರಿಯಿಂದ ಯಂತ್ರ ನಿಲ್ಲಿಸುವ ಹೊತ್ತಿಗೆ ಬಹುಪಾಲು ಚಿತ್ರ ಮಾಯ! ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯವೂ ಉಳಿಯಲಿಲ್ಲ. ಅದು ಕೆಟ್ಟು ಎಷ್ಟೋ ದಿನಗಳಾಗಿದ್ದವು, ಪರೀಕ್ಷಿಸಿದವರೇ ಇರಲಿಲ್ಲ.

ಕೈಹಿಡಿದದ್ದು ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರ್. ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಬಳಿ ಚಿತ್ರದ ಒಂದು ಪ್ರತಿಯಿತ್ತು. ಆ ಯಂತ್ರವನ್ನೂ ಕೂಸಿನಂತೆ ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು.

ಮನೆಮಂದಿಯ ಆಸ್ತಿ ಸಿನಿಮಾ ಅಲ್ಲದಿರಬಹುದು. ಮದುವೆಯ ಫೋಟೊ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ತೀರಿಕೊಂಡ ಅಜ್ಜಿಯ ದನಿ – ಇವನ್ನು ಮತ್ತೆ ಚಿತ್ರೀಕರಿಸಲು ಬಾರದು. ಹಾರ್ಡ್ ಡಿಸ್ಕಾದರೋ ಇಂದಲ್ಲ ನಾಳೆ ಸವೆಯುವ ವಸ್ತು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ‘3-2-1’ ಸೂತ್ರ ಸರಳವಾಗಿದೆ: ಮೂಲವೂ ಸೇರಿ 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಮನೆಯಿಂದ ಹೊರಗೆ. ಹೊರಗಿನದು ಕ್ಲೌಡ್ ಆಗಬಹುದು, ತವರುಮನೆಯ ಬೀರುವೂ ಆಗಬಹುದು. ಸಿಡಿಲು, ಕಳ್ಳ, ನೆರೆ – ಮೂರೂ ಒಂದೇ ಮನೆಯ ಎರಡು ಡಿಸ್ಕುಗಳನ್ನು ಒಟ್ಟಿಗೇ ಒಯ್ಯಬಲ್ಲವು. ನಕಲು ಮುಗಿದೊಡನೆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡುವುದೂ ಲೇಸು. ವೈರಸ್ ಹೊಕ್ಕರೆ ಅದಾದರೂ ಉಳಿದೀತು.

ಆಗಾಗ ಒಂದೆರಡು ಫೋಟೊ ತೆರೆದು ನೋಡುವುದನ್ನು ಮಾತ್ರ ಮರೆಯಬಾರದು. ಪಿಕ್ಸರ್‌ನಲ್ಲಿ ಬ್ಯಾಕಪ್ ಇತ್ತು, ಇಲ್ಲದ್ದು ಪರೀಕ್ಷೆ.