ತೊಟ್ಟಿಲಿನಿಂದ ಹೊಸ್ತಿಲವರೆಗೆ

ಕಡೂರಿನ ರಾಗಿ ಹೊಲಗಳು, ತರೀಕೆರೆಯ ಅಡಕೆ ತೋಟಗಳು, ಅಜ್ಜಂಪುರದ ಈರುಳ್ಳಿ ಹೊಲಗಳು ಒಂದಕ್ಕೊಂದು ಹೊಂದಿಕೊಂಡಿರುವ ಸೀಮೆಯಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ಹಿಂದಿನಿಂದ ಬಂದ ವಾಡಿಕೆ. ಬಾಣಂತನದ ಆ ತಿಂಗಳುಗಳಲ್ಲಿ ತಾಯಿಯ ದೃಷ್ಟಿ ತೊಟ್ಟಿಲನ್ನು ಬಿಟ್ಟು ಕದಲುವುದಿಲ್ಲ. ನಿನ್ನೆ ಮಾಡದಿದ್ದ ಯಾವುದನ್ನು ಕೂಸು ಇಂದು ಮಾಡಿತು ಎಂಬುದೇ ಆಕೆಗೆ ದಿನದ ದೊಡ್ಡ ಸುದ್ದಿ. ಮೇಲುನೋಟಕ್ಕೆ ಇದು ಕೇವಲ ವಾತ್ಸಲ್ಯವೆಂದು ತೋರಬಹುದು. ಆದರೆ ವೈದ್ಯನು ಮಗುವನ್ನು ಕಾಣುವುದು ಕೆಲವೇ ನಿಮಿಷ. ತಾಯಿ ಕಾಣುವುದು ಹಗಲಿರುಳು. ಮಗುವಿನ ಬೆಳವಣಿಗೆಯನ್ನು ಅರಿಯಲು ಆಕೆಯ ನೋಟವೇ ಮೊದಲ ಸಾಧನ.

ಇಂತಹ ನೋಟವನ್ನು ಬರೆದಿಟ್ಟವರಲ್ಲಿ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಪ್ರಸಿದ್ಧನು. 1839ರಲ್ಲಿ ಜನಿಸಿದ ತನ್ನ ಮೊದಲ ಮಗನ ಚಲನವಲನಗಳನ್ನು ಆತನು ಗುರುತು ಹಾಕಿಕೊಂಡು, 1877ರಲ್ಲಿ ಲೇಖನರೂಪದಲ್ಲಿ ಪ್ರಕಟಿಸಿದನು. ಮಗು ನಿಜವಾಗಿ ನಕ್ಕದ್ದು 45ನೆಯ ದಿನ ಎಂದು ಅದರಲ್ಲಿ ದಾಖಲಾಗಿದೆ. ನಮ್ಮ ನಾಡಿನ ಅಜ್ಜಿಯರು ಹೀಗೆ ಬರೆದಿಡಲಿಲ್ಲ. ಕಂಡದ್ದನ್ನು ಮಾತಿನಲ್ಲಿ ಉಳಿಸಿದರು. ‘ಕತ್ತು ನಿಂತಿತು’, ‘ಬೋರಲು ಬಿತ್ತು’, ‘ಅಂಬೆಗಾಲಿಟ್ಟಿತು’, ‘ಹೊಸ್ತಿಲು ದಾಟಿತು’ ಎಂಬ ನುಡಿಗಳು ಬೆಳವಣಿಗೆಯ ದಾರಿಯ ಮೈಲಿಗಲ್ಲುಗಳೇ ಆಗಿವೆ.

ಈ ನುಡಿಗಳ ಅನುಕ್ರಮದಲ್ಲಿ ಒಂದು ನಿಯಮವಿದೆ. ಶರೀರದ ಮೇಲಿನ ಹಿಡಿತ ತಲೆಯಿಂದ ಆರಂಭವಾಗಿ ಕ್ರಮೇಣ ಕೆಳಗಿಳಿಯುತ್ತದೆ. ಮೊದಲು ಕತ್ತು ನಿಲ್ಲುತ್ತದೆ. ಬಳಿಕ ಬೆನ್ನು ಬಲಿತು ಮಗು ಕೂರುತ್ತದೆ. ಕೊನೆಗೆ ಕಾಲು ನೆಲದಲ್ಲಿ ಊರುತ್ತದೆ. ಕೈಗಳಲ್ಲಿಯೂ ಹೀಗೆಯೇ. ಐದಾರು ತಿಂಗಳ ಕೂಸು ವಸ್ತುವನ್ನು ಇಡೀ ಅಂಗೈಯಿಂದ ಬಾಚಿಕೊಂಡರೆ, ಒಂಬತ್ತು ಹತ್ತು ತಿಂಗಳಿನದು ಹೆಬ್ಬೆರಳು ತೋರುಬೆರಳುಗಳ ನಡುವೆ ನೆಲದ ಕಾಳನ್ನು ಹೆಕ್ಕುತ್ತದೆ. ತಾಯಿಗೆ ಇದು ಸಂತೋಷದ ಸಂಗತಿ; ಎಚ್ಚರದ ಸಂಗತಿಯೂ ಹೌದು. ಹೆಕ್ಕಿದ ಕಾಳು ನೇರವಾಗಿ ಬಾಯಿಗೆ ಹೋಗುವುದರಿಂದ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವುಂಟು.

ನೆರೆಮನೆಯ ಕೂಸು ಹತ್ತು ತಿಂಗಳಿಗೇ ನಡೆಯಿತೆಂದು ಕೇಳಿ, ವರ್ಷ ತುಂಬಿಯೂ ನಡೆಯದ ಮಗುವಿನ ತಾಯಿ ಕಳವಳಗೊಳ್ಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕಳವಳಕ್ಕೆ ಉತ್ತರ ನೀಡುತ್ತದೆ. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳುಗಳ ನಡುವೆ, ತಾನಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳುಗಳ ನಡುವೆ ಎಂದಾದರೂ ಆಗಬಹುದು. ನೂರಕ್ಕೆ ನಾಲ್ಕರಷ್ಟು ಮಕ್ಕಳಂತೂ ಅಂಬೆಗಾಲಿಡದೆಯೇ ನಡೆಯುವುದನ್ನು ಕಲಿತುವು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ, ಅದು ಹುಟ್ಟಬೇಕಾಗಿದ್ದ ದಿನದಿಂದ ತಿಂಗಳುಗಳನ್ನು ಎಣಿಸುವುದು ನ್ಯಾಯ.

ಬಯಲುಸೀಮೆಯ ರೈತನು ಮಳೆಯನ್ನು ಕಾಯುವುದು ನಕ್ಷತ್ರದ ಲೆಕ್ಕದಿಂದ. ಇಂತಹ ದಿನವೇ ಬರಬೇಕೆಂದು ಆತನು ಹಟ ಹಿಡಿಯುವುದಿಲ್ಲ. ಆದರೆ ನಕ್ಷತ್ರವೇ ಕಳೆದುಹೋದಾಗ ಕೈಕಟ್ಟಿ ಕೂರುವುದೂ ಇಲ್ಲ. ಮಗುವಿನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಮೂರು ತಿಂಗಳು ಕಳೆದರೂ ಮುಖ ನೋಡಿ ನಗದಿದ್ದರೆ, ವರ್ಷ ತುಂಬುವ ಮೊದಲೇ ಸದಾ ಒಂದೇ ಕೈಯನ್ನು ಬಳಸುತ್ತಿದ್ದರೆ, ಕಲಿತದ್ದನ್ನು ಮರೆಯತೊಡಗಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಕಿವಿಯ ದೋಷ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆಯೇ ಅಳುತ್ತದೆ, ಕೇಕೆ ಹಾಕುತ್ತದೆ. ಆದುದರಿಂದ ಮನೆಯವರಿಗೆ ಸಂಶಯವೇ ಬರುವುದಿಲ್ಲ. ಹಿಂದೆ ಬಾಗಿಲು ಬಡಿದರೂ ಬೆಚ್ಚದಿರುವುದು, ಆರು ತಿಂಗಳಾದರೂ ತಾಯಿಯ ದನಿಗೆ ತಿರುಗದಿರುವುದು, ‘ಬಬಬ’, ‘ದದದ’ ಎಂಬ ತೊದಲು ಹುಟ್ಟದಿರುವುದು ಇದರ ಸೂಚನೆಗಳು. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತು’ ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷಗಳು ಕಳೆದುಹೋದರೆ, ಮಿದುಳು ಭಾಷೆಯನ್ನು ಸುಲಭವಾಗಿ ಗ್ರಹಿಸುವ ಅಮೂಲ್ಯ ಕಾಲ ವ್ಯರ್ಥವಾಗುತ್ತದೆ. ಬೇಗ ಕಂಡುಹಿಡಿದರೆ ಶ್ರವಣ ಸಾಧನ ಮತ್ತು ತರಬೇತಿಯಿಂದ ಆ ಮಗುವೂ ಮಾತು ಕಲಿಯಬಲ್ಲುದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕಾರ್ಯದಲ್ಲಿ ನಿರತವಾಗಿದೆ.

ಅಷ್ಟು ದೂರ ಹೋಗುವ ಮೊದಲು ಊರಿನಲ್ಲಿಯೇ ನೆರವಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಫಲವಾಗಿ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದಿವೆ. ಗರ್ಭಿಣಿಯರಿಗೆ ನೀಡುವ ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ದಿನಗಳಷ್ಟೇ ಅಲ್ಲದೆ ಮಗುವಿನ ಬೆಳವಣಿಗೆಯ ಹಂತಗಳೂ ಇರುತ್ತವೆ. ತಾಯಿ ತವರಿನಿಂದ ಗಂಡನ ಮನೆಗೆ ಹಿಂದಿರುಗುವಾಗ ಆ ಕಾರ್ಡು ಕೂಸಿನೊಡನೆಯೇ ಬರಬೇಕು. ಅಜ್ಜಿ ಕಂಡದ್ದು ಅಲ್ಲಿಯವರಿಗೂ ತಿಳಿಯಬೇಕು.

ಮಗುವು ಹೊಸ್ತಿಲು ದಾಟಿದ ದಿನ ಮನೆಯಲ್ಲಿ ಸಿಹಿ ಹಂಚುವವರುಂಟು. ಬೇಗ ದಾಟಿದ ಕೂಸಿಗೂ ತಡವಾಗಿ ದಾಟಿದ ಕೂಸಿಗೂ ಆ ಸಿಹಿ ಒಂದೇ. ದಾಟಲು ನೆರವು ಬೇಕಾದ ಕೂಸನ್ನು ಸಕಾಲದಲ್ಲಿ ಗುರುತಿಸಿ ಕೈಹಿಡಿಯುವುದೇ ಹಿರಿಯರ ನೋಟದ ಸಾರ್ಥಕತೆ.