ಕಾಸಿಮೇಡಿನ ಕಡಲಿನಲ್ಲಿ ಯಾರ ಮಾತು ನಡೆಯುತ್ತದೆ?

ಪ್ರಭುತ್ವ ಬೇರೆ, ಸರ್ಕಾರ ಬೇರೆ. ಸರ್ಕಾರ ಚುನಾವಣೆಯಲ್ಲಿ ಬಿದ್ದುಹೋಗಬಹುದು, ಪ್ರಭುತ್ವ ಉಳಿದಿರುತ್ತದೆ. ಒಂದು ಎಲ್ಲೆಯೊಳಗೆ ಬಲಪ್ರಯೋಗದ ಅಧಿಕಾರ ತನಗೆ ಮಾತ್ರ ಸಲ್ಲುತ್ತದೆಂದು ಸಾಧಿಸಿಕೊಂಡ ವ್ಯವಸ್ಥೆಯನ್ನೇ ಪ್ರಭುತ್ವವೆಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ವಿವರಿಸಿದ. ನೆಲದ ಮೇಲೆ ಈ ಮಾತು ಸಲೀಸು. ಗಡಿಕಲ್ಲು ನೆಡಲು ಬಾರದ ಕಡಲಿನಲ್ಲಿ ಅಷ್ಟು ಸುಲಭವಲ್ಲ. ಚೆನ್ನೈನ ಉತ್ತರ ಭಾಗದಲ್ಲಿ, ರಾಯಪುರಂ ಮಗ್ಗುಲಲ್ಲಿರುವ ಕಾಸಿಮೇಡು ಮೀನುಗಾರಿಕಾ ಬಂದರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ.

ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಇಲ್ಲಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂಬುದು ಕಾರಣ. ಬೋಟುಗಳು ಧಕ್ಕೆಗೆ ಒತ್ತೊತ್ತಾಗಿ ನಿಲ್ಲುತ್ತವೆ. ಎಂಜಿನ್ ದುರಸ್ತಿ, ಬಣ್ಣ, ಬಲೆಯ ಕೆಲಸ ನಡೆಯುತ್ತದೆ. ನಾಡದೋಣಿಗಳಿಗೆ ತಡೆಯಿಲ್ಲವಾದರೂ ಅವು ತರುವ ಮೀನು ಊರಿಗೆ ಸಾಲದು. ವಂಜರಂ, ಅಂದರೆ ನಮ್ಮ ಕರಾವಳಿಯ ಅಂಜಲ್, ಕೈಗೆಟುಕದ ಬೆಲೆಗೇರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಇಂಥದೇ ನಿಷೇಧ ಜೂನ್, ಜುಲೈ ತಿಂಗಳುಗಳಲ್ಲಿ ಬರುತ್ತದೆ.

ಮೀನುಗಾರರು ಈ ನಿಷೇಧಕ್ಕೆ ಒಪ್ಪುವುದು ಏಕೆ? ದಂಡದ ಭಯವೊಂದೇ ಉತ್ತರವಲ್ಲ. ಎಲ್ಲರೂ ಎಲ್ಲರೊಡನೆ ಬಡಿದಾಡುವ ಸ್ಥಿತಿಯಿಂದ ಪಾರಾಗಲು ಜನ ತಮ್ಮ ಸ್ವಾತಂತ್ರ್ಯವನ್ನು ಸಾರ್ವಭೌಮ ಅಧಿಕಾರಕ್ಕೆ ಒಪ್ಪಿಸುತ್ತಾರೆಂದು ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ವಾದಿಸಿದ. ಮದ್ರಾಸು ಕರಾವಳಿಯಲ್ಲಿ 1970ರ ದಶಕದಲ್ಲಿ ಟ್ರಾಲರುಗಳಿಗೂ ಕಟ್ಟುಮರದವರಿಗೂ ನಡೆದ ಘರ್ಷಣೆಗಳನ್ನು ನೋಡಿದರೆ ಹಾಬ್ಸ್ ಹೇಳಿದ್ದು ಉತ್ಪ್ರೇಕ್ಷೆ ಎನಿಸದು. ತಮಿಳುನಾಡಿನ 1983ರ ಕಾಯ್ದೆ ದಡದಿಂದ 3 ನಾಟಿಕಲ್ ಮೈಲಿಯೊಳಗೆ ಯಾಂತ್ರೀಕೃತ ಬೋಟುಗಳು ಮೀನು ಹಿಡಿಯದಂತೆ ತಡೆದದ್ದು ಈ ಜಗಳದ ಹಿನ್ನೆಲೆಯಲ್ಲೇ. ಆದರೆ ಅದೇ ದೇಶದ ಇನ್ನೊಬ್ಬ ತತ್ವಜ್ಞಾನಿ ಜಾನ್ ಲಾಕ್ ಪ್ರಕಾರ ಆಳುವವನ ಅಧಿಕಾರಕ್ಕೂ ಷರತ್ತುಂಟು: ಜನರ ಬದುಕು, ಆಸ್ತಿಯನ್ನು ಕಾಯದ ಸರ್ಕಾರಕ್ಕೆ ವಿಧೇಯತೆ ಕೇಳುವ ಹಕ್ಕಿಲ್ಲ. ನಿಷೇಧದ ಅವಧಿಗೆಂದು ಮೀನುಗಾರ ಕುಟುಂಬಗಳಿಗೆ ಕೊಡುವ ಪರಿಹಾರಧನವನ್ನು ಈ ಕಣ್ಣಿನಿಂದ ನೋಡಬೇಕು. 2023ರಲ್ಲಿ ಅದನ್ನು 5,000 ರೂಪಾಯಿಯಿಂದ 8,000ಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಎರಡು ತಿಂಗಳ ಸಂಸಾರಕ್ಕೆ ಅದು ದೊಡ್ಡ ಮೊತ್ತವೇನಲ್ಲ.

ಸರ್ಕಾರವಿಲ್ಲದಿದ್ದರೆ ಎಲ್ಲರ ಸೊತ್ತು ಹಾಳಾಗಲೇಬೇಕೆ? ಹಾಗೇನಿಲ್ಲವೆಂದು ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಟರ್ಕಿಯ ಅಲಾನ್ಯಾದಲ್ಲಿ ಮೀನುಗಾರರು ಚೀಟಿ ಎತ್ತಿ ಜಾಗ ಹಂಚಿಕೊಳ್ಳುತ್ತಿದ್ದುದು ಅವರ ಉದಾಹರಣೆಗಳಲ್ಲೊಂದು. ತಮಿಳು ಕರಾವಳಿಯ ಮೀನುಗಾರರ ಊರ್ ಪಂಚಾಯತ್, ನಮ್ಮ ಮೊಗವೀರರ ಗುರಿಕಾರ ಪದ್ಧತಿ ಇದೇ ಬಗೆಯ ಸ್ವಯಮಾಡಳಿತ. ಯಾವ ಬಲೆ ಹಾಕಬಹುದು, ತಪ್ಪಿದವನಿಗೆ ಎಷ್ಟು ದಂಡ ಎಂಬುದನ್ನೂ ಊರ್ ಪಂಚಾಯತ್ ತೀರ್ಮಾನಿಸುವುದುಂಟು. ಅದನ್ನು ತೀರಾ ಹೊಗಳುವ ಮುನ್ನ ಒಂದು ಮಾತು: ಮೀನು ಕೊಂಡು ಮಾರುವ ಹೆಂಗಸರಿಗೆ ಆ ಪಂಚಾಯತಿಯಲ್ಲಿ ಸಂಪ್ರದಾಯದಂತೆ ಸ್ಥಾನವಿಲ್ಲ. ಸಮ್ಮತಿ ಎಂದರೆ ಯಾರ ಸಮ್ಮತಿ ಎಂಬ ಪ್ರಶ್ನೆ ದೆಹಲಿಗಷ್ಟೇ ಅಲ್ಲ, ಊರಿಗೂ ಸಲ್ಲುತ್ತದೆ.

ಇನ್ನು ಸಾರ್ವಭೌಮತ್ವ. 1976ರ ಕಾಯ್ದೆಯಂತೆ ದಡದಿಂದ 12 ನಾಟಿಕಲ್ ಮೈಲಿಯವರೆಗೆ ಭಾರತದ ಪೂರ್ಣ ಆಳ್ವಿಕೆ. 200ರವರೆಗೆ ಸಂಪತ್ತಿನ ಮೇಲಿನ ಹಕ್ಕಷ್ಟೇ, ಪರದೇಶದ ಹಡಗು ಹಾದುಹೋದರೆ ತಡೆಯುವಂತಿಲ್ಲ. ಸಂವಿಧಾನದ 7ನೇ ಅನುಸೂಚಿ ಈ ಅಧಿಕಾರವನ್ನೂ ಹಂಚಿದೆ: ಒಳಗಿನ ಮೀನುಗಾರಿಕೆ ರಾಜ್ಯದ್ದು, 12 ಮೈಲಿಯ ಆಚೆಯದು ಕೇಂದ್ರದ್ದು. ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ, ತಮಿಳುನಾಡು ನಿಷೇಧಿಸಿರುವ ಪರ್ಸೀನ್ ಬಲೆಯ ವಿವಾದ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಗೆರೆಯ ಮೇಲೆಯೇ. 2023ರ ಜನವರಿಯಲ್ಲಿ ಕೋರ್ಟು 12 ಮೈಲಿಯ ಆಚೆ, ಸೋಮವಾರ ಮತ್ತು ಗುರುವಾರ ಮಾತ್ರ, ಬೆಳಗ್ಗೆ 8ರಿಂದ ಸಂಜೆ 6ರೊಳಗೆ ಆ ಬಲೆ ಬಳಸಲು ಮಧ್ಯಂತರ ಅನುಮತಿ ಕೊಟ್ಟಿತು. ಅಲ್ಲಿಗೆ ಹೋಗುವ ಬೋಟು ರಾಜ್ಯದ ನೀರನ್ನೇ ದಾಟಬೇಕು, ಹಿಡಿದ ಮೀನನ್ನು ರಾಜ್ಯದ ಧಕ್ಕೆಯಲ್ಲೇ ಇಳಿಸಬೇಕು.